ಶುಕ್ರವಾರ ಬರುತ್ತಿದ್ದ ಭಾನುವಾರ

2022ರ ಜುಲೈನಲ್ಲಿ ದುಬೈನ ಪಾರ್ಕಿಂಗ್ ಯಂತ್ರಗಳು ಶುಕ್ರವಾರದ ರಜೆ ಬಿಟ್ಟು ಭಾನುವಾರದ ರಜೆ ಹಿಡಿದವು. ಅದುವರೆಗೆ ಶುಕ್ರವಾರ ರಸ್ತೆ ಬದಿಯಲ್ಲಿ ಪುಕ್ಕಟೆ ಗಾಡಿ ನಿಲ್ಲಿಸಬಹುದಿತ್ತು. ಆ ಸವಲತ್ತು ಭಾನುವಾರಕ್ಕೆ ಹೋಯಿತು. ಬಹುತೇಕರಿಗೆ ಇದು ಸಾರಿಗೆ ಪ್ರಾಧಿಕಾರದ ಇನ್ನೊಂದು ಪ್ರಕಟಣೆ, ಅಷ್ಟೆ. ಅಲ್ಲಿನ ದೇರಾ ಬಡಾವಣೆಯಲ್ಲಿ ಮನೆ ಮಾಡಿಕೊಂಡಿರುವ ಮಂಗಳೂರು, ಉಡುಪಿ ಕಡೆಯ ಕ್ಯಾಥೊಲಿಕರಿಗೆ ಮಾತ್ರ ಅದರಲ್ಲೊಂದು ಕಚಗುಳಿ ಇತ್ತು. ದಶಕಗಳಿಂದ ಶುಕ್ರವಾರವೇ ಆಚರಿಸುತ್ತ ಬಂದಿದ್ದ ಅವರ ಭಾನುವಾರ ಕೊನೆಗೂ ಭಾನುವಾರವೇ ಬರತೊಡಗಿತ್ತು.

ಕೊಲ್ಲಿಯಲ್ಲಿ ವಾರದ ರಜೆ ಎಂದರೆ ಜುಮಾ ನಮಾಜಿನ ಶುಕ್ರವಾರ. ಎಮಿರೇಟ್ಸ್‌ನ ಸರ್ಕಾರಿ ಕಚೇರಿಗಳಿಗೆ 2006ರವರೆಗೆ ಗುರುವಾರ, ಶುಕ್ರವಾರ ರಜೆ. ಆಮೇಲೆ ಶುಕ್ರವಾರ, ಶನಿವಾರ. ಭಾನುವಾರ ಆಗೆಲ್ಲ ದುಡಿಮೆಯ ದಿನ. ಇಂಥ ಕಡೆ ಚರ್ಚ್ ಹಟ ಹಿಡಿಯಲಿಲ್ಲ. ಭಾನುವಾರದ ಪೂಜೆಯನ್ನೇ ಎತ್ತಿ ಶುಕ್ರವಾರಕ್ಕೂ ಇಟ್ಟಿತು. ಶುಕ್ರವಾರ ಪೀಠದಲ್ಲಿ ಓದುತ್ತಿದ್ದುದು ಎರಡು ದಿನ ಆಚೆಗಿನ ಭಾನುವಾರದ ವಾಚನಗಳನ್ನು. ಹೀಗಾಗಿ ದೇರಾದ ಮಗ ಊರಿನ ಅಮ್ಮನಿಗಿಂತ ಎರಡು ದಿನ ಮೊದಲೇ ಆ ವಾರದ ಸುವಾರ್ತೆ ಕೇಳಿರುತ್ತಿದ್ದ. ಗರಿಗಳ ಭಾನುವಾರದ ಗರಿಯೂ ಶುಕ್ರವಾರವೇ ಕೈಗೆ ಬರುತ್ತಿತ್ತು. ವರ್ಷದಲ್ಲಿ ಶುಭ ಶುಕ್ರವಾರವೊಂದು ಮಾತ್ರ ಯಾವ ಹೊಂದಾಣಿಕೆಯೂ ಇಲ್ಲದೆ ತನ್ನ ದಿನಕ್ಕೇ ಬೀಳುತ್ತಿತ್ತು.

ದೇರಾದಲ್ಲಿ ಕ್ಯಾಥೊಲಿಕ್ ಚರ್ಚ್ ಇಲ್ಲ. ನಗರದ ನಡುವಿನ ಕಡಲ ಕವಲು, ಕ್ರೀಕ್, ದಾಟಿ ಊದ್ ಮೇಥಾಕ್ಕೆ, ಸೇಂಟ್ ಮೇರೀಸ್ ಚರ್ಚಿಗೆ ಹೋಗಬೇಕು. ಅಂದಿನ ದೊರೆ ಶೇಖ್ ರಶೀದ್ ಬಿನ್ ಸಯೀದ್ ಅಲ್ ಮಕ್ತೂಮ್ ಕೊಟ್ಟ ಜಾಗದಲ್ಲಿ ಈ ಚರ್ಚ್ ಶುರುವಾದದ್ದು 1967ರಲ್ಲಿ. ಕ್ರೀಕಿನ ಮೇಲಿನ ಮೊದಲ ಸೇತುವೆ, ಮಕ್ತೂಮ್ ಬ್ರಿಡ್ಜ್, 1963ರದು. ಅಂದರೆ ಸೇತುವೆಗೆ ನಾಲ್ಕು ವರ್ಷ ತುಂಬುವಾಗ ಚರ್ಚ್ ಬಂತು. ಭಾರತದ ರಿಸರ್ವ್ ಬ್ಯಾಂಕ್ ಅಚ್ಚು ಹಾಕುತ್ತಿದ್ದ ಗಲ್ಫ್ ರೂಪಾಯಿ ದುಬೈನಲ್ಲಿ ಚಲಾವಣೆ ನಿಲ್ಲಿಸಿದ್ದು 1966ರಲ್ಲಿ, ಕಡಲಲ್ಲಿ ತೈಲ ಸಿಕ್ಕಿದ್ದೂ ಅದೇ ವರ್ಷ. ಹೊಸ ದುಡ್ಡು, ಹೊಸ ತೈಲ, ಹೊಸ ಚರ್ಚ್ ಮೂರೂ ಹೆಚ್ಚುಕಡಿಮೆ ಒಟ್ಟಿಗೇ ಬಂದವು ಎನ್ನಿ. ಈಗಿನ ದೊಡ್ಡ ಕಟ್ಟಡ 1989ರದು. ನಡೆಸುವವರು ಕಪುಚಿನ್ ಗುರುಗಳು. ಯುಎಇ, ಒಮಾನ್, ಯೆಮನ್ ಮೂರೂ ಸೇರಿದ ದಕ್ಷಿಣ ಅರೇಬಿಯಾದ ಕ್ಯಾಥೊಲಿಕರೆಲ್ಲ ಅಬುಧಾಬಿಯಲ್ಲಿ ಕೂತ ಒಬ್ಬ ಬಿಷಪರ ಅಧೀನ. 2005ರಿಂದ ಸ್ವಿಟ್ಜರ್ಲೆಂಡಿನ ಪಾಲ್ ಹಿಂಡರ್ ಇದ್ದರು, 2022ರಲ್ಲಿ ಇಟಲಿಯ ಪಾವ್ಲೊ ಮಾರ್ತಿನೆಲ್ಲಿ ಬಂದರು. ಇಬ್ಬರೂ ಕಪುಚಿನರೇ.

ಇಲ್ಲಿ ಊರಿನ ಲೆಕ್ಕ ಹಿಡಿದುಕೊಂಡು ಹೋದವರಿಗೆ ತಲೆ ತಿರುಗುತ್ತದೆ. ಕರಾವಳಿಯ ಒಂದು ಧರ್ಮಕೇಂದ್ರ ಎಂದರೆ ಇನ್ನೂರು, ಮುನ್ನೂರು ಮನೆ. ಅದನ್ನು ವಾಡೊಗಳಾಗಿ ವಿಂಗಡಿಸಿ ಒಂದೊಂದಕ್ಕೆ ಒಬ್ಬ ಗುರ್ಕಾರ. ಯಾರ ಮನೆಗೆ ನೆಂಟರು ಬಂದರು, ಯಾರು ಎರಡು ಭಾನುವಾರ ಪೂಜೆಗೆ ಕಾಣಲಿಲ್ಲ, ಯಾರ ವಂತಿಗೆ ಬಾಕಿ ಎಲ್ಲವೂ ಅವನಿಗೆ ಗೊತ್ತು. ಜನಸಂಖ್ಯೆ 35 ಲಕ್ಷ ದಾಟಿದ ದುಬೈಗೆ ಇರುವುದು ಎರಡೇ ಕ್ಯಾಥೊಲಿಕ್ ಧರ್ಮಕೇಂದ್ರ: ಊದ್ ಮೇಥಾದ ಇದು, ಮತ್ತು 2001ರಲ್ಲಿ ಜೆಬೆಲ್ ಅಲಿಯಲ್ಲಿ ತೆರೆದ ಸಂತ ಫ್ರಾನ್ಸಿಸರ ಚರ್ಚ್. ಹೀಗಾಗಿ ಸೇಂಟ್ ಮೇರೀಸ್‌ನ ಅಂಗಳದಲ್ಲಿ ಒಂದು ಪೂಜೆಯಿಂದ ಹೊರಬರುವವರೂ ಮುಂದಿನ ಪೂಜೆಗೆ ಒಳಹೋಗುವವರೂ ಒಬ್ಬರನ್ನೊಬ್ಬರು ಒತ್ತಿಕೊಂಡೇ ನಡೆಯುತ್ತಾರೆ. ಇಂಗ್ಲಿಷ್, ಅರಬ್ಬಿ, ಮಲಯಾಳಂ, ತಗಾಲೊಗ್, ಉರ್ದು, ತಮಿಳು, ಕೊಂಕಣಿ... ಯಾರ ಪಾಳಿ ಎಂದು ಗೊತ್ತಾಗುವುದು ಒಳಗಿಂದ ಬರುವ ಹಾಡಿನಿಂದ.

ಊರಿನಿಂದ ಹೊಸದಾಗಿ ಬಂದವರು ಈ ಜಂಗುಳಿಯಲ್ಲಿ ತಮ್ಮದು ಅನಾಥಭಾವ ಎಂದು ಹೇಳಿಕೊಳ್ಳುವುದುಂಟು. ನನಗೆ ಅದು ಪೂರ್ತಿ ನಿಜ ಅನ್ನಿಸಿಲ್ಲ. ಗುರ್ಕಾರನ ಕಣ್ಣಿಲ್ಲದ ಕಡೆ ಪೂಜೆಗೆ ಹೋಗುವವನು ತಾನಾಗಿಯೇ ಹೋಗುತ್ತಾನೆ. ಊರಲ್ಲಿ ಅಪ್ಪನ ಗದರಿಕೆಗೆ ಏಳುತ್ತಿದ್ದ ಹುಡುಗ ದೇರಾದ ಬೆಡ್ ಸ್ಪೇಸಿನಲ್ಲಿ, ರಾತ್ರಿ ಪಾಳಿ ಮುಗಿಸಿ ಮಲಗಿದವರ ನಿದ್ದೆ ಕೆಡದಂತೆ ಮೊಬೈಲಿನ ಬೆಳಕಲ್ಲಿ ಅಂಗಿ ಹುಡುಕಿ ಹೊರಡುತ್ತಾನೆ. 2011ರಲ್ಲಿ ಮೆಟ್ರೋದ ಹಸಿರು ಮಾರ್ಗ ಬಂದ ಮೇಲೆ ಬನಿಯಾಸ್ ಸ್ಕ್ವೇರ್‌ನಲ್ಲಿ ಹತ್ತಿ, ಕ್ರೀಕಿನ ಅಡಿಯಿಂದ ದಾಟಿ, ಊದ್ ಮೇಥಾದಲ್ಲಿ ಇಳಿಯಬಹುದು. ಆದರೆ ಶುಕ್ರವಾರ ಬೆಳಿಗ್ಗೆ ಮೆಟ್ರೋ ತಡವಾಗಿ ಶುರುವಾಗುತ್ತಿತ್ತು. ಮುಂಜಾನೆಯ ಪೂಜೆ ಬೇಕೆನ್ನುವವರಿಗೆ ಬಸ್ಸು, ಇಲ್ಲವೇ ನಾಲ್ವರು ದುಡ್ಡು ಕೂಡಿಸಿದ ಟ್ಯಾಕ್ಸಿ. ಇಷ್ಟೆಲ್ಲ ಮಾಡಿ ಹೋಗುವವನ ಭಕ್ತಿಯನ್ನು ಯಾವ ಗುರ್ಕಾರನೂ ಪುಸ್ತಕದಲ್ಲಿ ಬರೆದುಕೊಳ್ಳುವುದಿಲ್ಲ.

ಕೊಂಕಣಿ ಪೂಜೆಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಗೋವಾದವರೂ ಮಂಗಳೂರಿನವರೂ ಸೇರುವುದು ಇಲ್ಲಿ. ಭಾಷೆ ಒಂದೇ, ಅಚ್ಚಿನ ಅಕ್ಷರ ಬೇರೆ. ಗೋವಾದ ಕ್ಯಾಥೊಲಿಕರು ಪ್ರಾರ್ಥನೆಯ ಪುಸ್ತಕ ಓದುವುದು ರೋಮನ್ ಲಿಪಿಯಲ್ಲಿ. ಮಂಗಳೂರಿನವರದು ಕನ್ನಡ ಲಿಪಿ. ಅವರ ಧರ್ಮಪ್ರಾಂತ್ಯದ ವಾರಪತ್ರಿಕೆ ‘ರಾಕ್ಣೊ’ 1938ರಿಂದ ಕೊಂಕಣಿಯನ್ನು ಕನ್ನಡ ಅಕ್ಷರದಲ್ಲಿ ಅಚ್ಚು ಹಾಕುತ್ತ ಬಂದಿದೆ. ಗಾಯನ ಮಂಡಳಿಯಲ್ಲಿ ಎರಡು ಕಡೆಯವರೂ ಇದ್ದರೆ ಒಂದೇ ಹಾಡಿಗೆ ಎರಡು ಹಾಳೆ ಬೇಕು. ರಾಗವೂ ಅಲ್ಲಲ್ಲಿ ಕವಲೊಡೆಯುತ್ತದೆ, ಕೆಲವು ಕಡೆ ಪದವೂ. ಯಾರ ಪದ ಇಟ್ಟುಕೊಳ್ಳುವುದು ಎಂಬ ಚರ್ಚೆ ಧರ್ಮಸೂಕ್ಷ್ಮಕ್ಕಿಂತ ಹೆಚ್ಚು ಬಿಸಿಯಾಗಬಲ್ಲದು.

ಎರಡು ಲಿಪಿಯ ಈ ತೊಡಕಿಗೆ ಪರಿಹಾರ ತಂದವರು ದುಬೈನಲ್ಲೇ ಹುಟ್ಟಿ ಬೆಳೆದ ಮಕ್ಕಳು, ಅದೂ ಯಾರೂ ಬಯಸದ ರೀತಿಯಲ್ಲಿ. ಇಲ್ಲಿನ ಭಾರತೀಯ ಶಾಲೆಗಳಲ್ಲಿ ಅವರು ಕಲಿಯುವುದು ಇಂಗ್ಲಿಷ್, ಅರಬ್ಬಿ, ಹಿಂದಿ ಅಥವಾ ಫ್ರೆಂಚ್. ಮನೆಯಲ್ಲಿ ಕೊಂಕಣಿ ಆಡುತ್ತಾರೆ, ಕನ್ನಡ ಅಕ್ಷರ ಓದಲಾರರು. ಅಪ್ಪ ಕನ್ನಡ ಲಿಪಿಯ ಹಾಳೆ ಹಿಡಿದು ಹಾಡುವಾಗ ಪಕ್ಕದಲ್ಲಿ ಮಗಳು ಅದೇ ಹಾಡನ್ನು ರೋಮನ್ ಅಕ್ಷರದಲ್ಲಿ ಮೊಬೈಲಿನಲ್ಲಿ ನೋಡಿಕೊಳ್ಳುತ್ತಾಳೆ. ಕನ್ನಡವು ಮನೆಯ ಮಾತಲ್ಲದ ಒಂದು ಸಮುದಾಯ ಕನ್ನಡದ ಅಕ್ಷರಗಳನ್ನು ಇಷ್ಟು ಕಾಲ ತನ್ನ ದೇವರ ಪುಸ್ತಕದಲ್ಲಿ ಕಾಪಾಡಿಕೊಂಡು ಬಂದದ್ದು ಕನ್ನಡಿಗರು ಅಷ್ಟಾಗಿ ಗಮನಿಸದ ಸಂಗತಿ. ದುಬೈನಲ್ಲಿ ಆ ನಂಟು ಒಂದು ತಲೆಮಾರಿನಲ್ಲಿ ಸಡಿಲವಾಗುತ್ತಿದೆ. ಇದನ್ನು ಚರ್ಚಿನ ತಲೆಗೆ ಕಟ್ಟುವಂತಿಲ್ಲ.

ಮತ್ತೆ ವಾರದ ವಿಷಯಕ್ಕೆ ಬರೋಣ. ಮಂಗಳೂರಿನ ಭಕ್ತರ ವಾರಕ್ಕೆ ತನ್ನದೇ ಪಂಚಾಂಗವಿದೆ: ಮಂಗಳವಾರ ಸಂತ ಅಂತೋನಿ, ಬುಧವಾರ ನಿತ್ಯಾಧಾರ ಮಾತೆಯ ನೊವೇನ, ಗುರುವಾರ ಬಿಕರ್ನಕಟ್ಟೆಯ ಬಾಲಯೇಸು, ತಿಂಗಳ ಮೊದಲ ಶುಕ್ರವಾರ ಪವಿತ್ರ ಹೃದಯ. ದೇರಾಕ್ಕೆ ಬಂದವನ ಪಂಚಾಂಗವನ್ನು ಬರೆಯುವುದು ಡ್ಯೂಟಿ ಚಾರ್ಟ್. ಆಫ್ ಮಂಗಳವಾರ ಬಿದ್ದರೆ ಅವನ ಭಾನುವಾರ ಮಂಗಳವಾರ. ಮನೆಯಲ್ಲಿ ರಾತ್ರಿಯ ತೇರ್ಸ್, ಅಂದರೆ ಜಪಸರದ ಪ್ರಾರ್ಥನೆ, ಊರಲ್ಲಿ ದೀಪ ಹಚ್ಚುವ ಹೊತ್ತಿಗೆ; ಇಲ್ಲಿ ಹತ್ತು ಗಂಟೆಗೆ ಅಂಗಡಿ ಮುಚ್ಚಿ ಬಂದವನು ಊಟಕ್ಕೆ ಮೊದಲೋ ನಂತರವೋ ಎಂಬ ತಕರಾರಿನೊಂದಿಗೆ. ಒಂದೇ ಫ್ಲಾಟಿನ ಎರಡು ಕೋಣೆಯಲ್ಲಿ ಎರಡು ಸಂಸಾರ ಇರುವುದು ಸಾಮಾನ್ಯ. ಪಕ್ಕದ ಕೋಣೆಯವರು ಬೇರೆ ಧರ್ಮದವರಾದರೆ ಧ್ವನಿ ತಗ್ಗುತ್ತದೆ, ಜಪ ನಿಲ್ಲುವುದಿಲ್ಲ.

2022ರ ಜನವರಿ 1ರಿಂದ ಎಮಿರೇಟ್ಸ್ ಸರ್ಕಾರ ಶುಕ್ರವಾರ ಅರ್ಧ ದಿನ, ಶನಿವಾರ, ಭಾನುವಾರ ಪೂರ್ತಿ ರಜೆ ಎಂದಾಗ ಊರಿನ ಬಂಧುಗಳೆಲ್ಲ ಅಭಿನಂದಿಸಿದರು. ಕಚೇರಿ ನೌಕರರಿಗೆ, ಶಾಲೆಯ ಮಕ್ಕಳಿಗೆ ಅದು ನಿಜವಾದ ಲಾಭ. ಆದರೆ ದೇರಾ ಕಚೇರಿಗಳ ಊರಲ್ಲ. ನಾಯಿಫ್, ಸಬ್ಖಾ, ಗೋಲ್ಡ್ ಸೂಕ್, ರಿಗ್ಗಾ ಎಲ್ಲ ಅಂಗಡಿ, ಹೋಟೆಲು, ಸಲೂನು, ಕಾರ್ಗೋಗಳ ಲೋಕ. ಸೂಕ್‌ನ ಬಹಳಷ್ಟು ಅಂಗಡಿಗಳು ಶುಕ್ರವಾರ ಜುಮಾ ಮುಗಿಯುವವರೆಗೆ ಬಾಗಿಲು ತೆರೆಯುತ್ತಿರಲಿಲ್ಲ. ಆ ಒಂದು ಬೆಳಗು ಸೇಲ್ಸ್‌ಮನ್‌ಗೆ ಖಾತ್ರಿಯಾಗಿ ಸಿಗುತ್ತಿದ್ದ ಬಿಡುವು; ಚರ್ಚಿಗೆ ಹೋಗಿ ಬಂದು ಮೀನು ಸಾರು ಉಂಡು ನಾಲ್ಕು ಗಂಟೆಗೆ ಅಂಗಡಿಗೆ ನಿಲ್ಲಬಹುದಿತ್ತು. ಈಗ ಭಾನುವಾರ ಊರಿಗೆಲ್ಲ ರಜೆ, ಅಂದರೆ ಗಿರಾಕಿ ಜಾಸ್ತಿ, ಅಂದರೆ ಅವನಿಗೆ ರಜೆ ಸಿಗದ ದಿನ. ಭಾನುವಾರ ತನ್ನ ಜಾಗಕ್ಕೆ ಮರಳಿದ್ದರಿಂದ ದೇರಾದ ಅಂಗಡಿಯವನು ಭಾನುವಾರ ಕಳೆದುಕೊಂಡ. ಪಕ್ಕದ ಶಾರ್ಜಾ ಬೇರೆಯೇ ದಾರಿ ಹಿಡಿದು ಸರ್ಕಾರಿ ಕಚೇರಿಗಳಿಗೆ ಶುಕ್ರವಾರ, ಶನಿವಾರ, ಭಾನುವಾರ ಮೂರೂ ದಿನ ರಜೆ ಕೊಟ್ಟಿತು. ಅಲ್ಲಿ ದುಡಿದು ಇಲ್ಲಿ ಬದುಕುವವರ ಭಾಗ್ಯವೇ ಭಾಗ್ಯ.

ರಂಜಾನ್ ತಿಂಗಳಲ್ಲಿ ಎಲ್ಲ ನೌಕರರಿಗೂ ದಿನಕ್ಕೆ ಎರಡು ತಾಸು ಕೆಲಸ ಕಡಿಮೆ, ಧರ್ಮ ಯಾವುದಿದ್ದರೂ. 2025ರಲ್ಲಿ ರಂಜಾನ್ ಮಾರ್ಚ್ 1ಕ್ಕೆ, ಕ್ರೈಸ್ತರ ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರ ಮಾರ್ಚ್ 5ಕ್ಕೆ ಬಂದವು. ಒಂದೇ ರಸ್ತೆಯಲ್ಲಿ ಇಬ್ಬರೂ ಉಪವಾಸ. ಮಾಂಸ ಬಿಟ್ಟವನ ಮೂಗಿಗೆ ಇಫ್ತಾರಿನ ಹಲೀಮ್ ಪರಿಮಳ ಬಡಿಯುವುದನ್ನು ತಪಸ್ಸಿನ ಲೆಕ್ಕಕ್ಕೆ ಸೇರಿಸಿಕೊಳ್ಳಬಹುದೇ ಎಂದು ಯಾರಾದರೂ ಗುರುಗಳನ್ನು ಕೇಳಿರಲಿಕ್ಕೂ ಸಾಕು.

ಊರು ಅತ್ಯಂತ ಹತ್ತಿರ ಬರುವುದು ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ. ಕನ್ಯಾ ಮರಿಯಮ್ಮನ ಜನ್ಮದಿನ, ಜೊತೆಗೆ ಹೊಸ ಫಸಲಿನ ಹಬ್ಬ. ಒಂಬತ್ತು ದಿನ ಮಕ್ಕಳು ಮಾತೆಗೆ ಹೂ ಹಾಕುವುದು, ಹಬ್ಬದಂದು ಆಶೀರ್ವದಿಸಿದ ಭತ್ತದ ತೆನೆಯನ್ನು ಮನೆಗೆ ತಂದು, ಸುಲಿದ ಕಾಳನ್ನು ಪುಡಿ ಮಾಡಿ ಹಾಲಿಗೋ ಪಾಯಸಕ್ಕೋ ಹಾಕಿ, ಮನೆಯ ಹಿರಿಯನ ಕೈಯಿಂದ ಎಲ್ಲರೂ ತೆಗೆದುಕೊಳ್ಳುವುದು, ಆಮೇಲೆ ಬಾಳೆ ಎಲೆಯ ಮೇಲೆ ಐದು, ಏಳು, ಒಂಬತ್ತು ಹೀಗೆ ಬೆಸ ಸಂಖ್ಯೆಯ ಪಲ್ಯ, ಗಸಿಗಳ ಸಸ್ಯಾಹಾರಿ ಊಟ. ಫರಂಗಿಪೇಟೆಯ ಮೊಂತೆ ಮರಿಯಾನೊ ಬೆಟ್ಟದಿಂದ ಹಬ್ಬಕ್ಕೆ ಈ ಹೆಸರು. ಆ ಬೆಟ್ಟವನ್ನು ಈಗ ನೋಡಿಕೊಳ್ಳುವವರೂ ಕಪುಚಿನರು, ಊದ್ ಮೇಥಾದ ಚರ್ಚನ್ನು ನಡೆಸುವ ಅದೇ ಸಭೆಯವರು.

ಗದ್ದೆಯೇ ಇಲ್ಲದ ಊರಲ್ಲಿ ತೆನೆ ಎಲ್ಲಿಂದ? ಮಂಗಳೂರಿನಿಂದ ಬರುವವರ ಬ್ಯಾಗಿನಲ್ಲಿ. ಹಿಂದೆ ಅಮ್ಮಂದಿರು ನಾಲ್ಕು ಕಾಳನ್ನು ಕಾಗದದಲ್ಲಿ ಮಡಿಸಿ ಅಂಚೆ ಲಕೋಟೆಯಲ್ಲಿ ಕಳಿಸುತ್ತಿದ್ದರು. ಪತ್ರ ತಲುಪುವಾಗ ಹಬ್ಬ ಮುಗಿದಿದ್ದರೂ ಆ ಕಾಳು ಬಾಯಿಗೆ ಬಿದ್ದ ದಿನವೇ ಹಬ್ಬ. ಪಕ್ಕದ ಅಂಗಡಿಯ ಕೇರಳದ ಬಾಳೆ ಎಲೆ, ಲುಲು ಮಾರ್ಕೆಟಿನ ತೊಂಡೆಕಾಯಿ, ಅಲಸಂಡೆ, ಊರಿನಿಂದ ಬಂದ ತೆನೆ ಇಷ್ಟು ಕೂಡಿದರೆ ಆಯಿತು. ಮನೆಯ ಹಿರಿಯ ಎಂದು ಕಾಳು ಹಂಚಬೇಕಾದವನಿಗೆ ಎಷ್ಟೋ ಸಲ ಮೂವತ್ತೈದು ವರ್ಷವೂ ಆಗಿರುವುದಿಲ್ಲ.

ಏಕೆಂದರೆ ಇದು ಅಜ್ಜ ಅಜ್ಜಿ ಇಲ್ಲದ ಧರ್ಮಕೇಂದ್ರ. ಕೆಲಸ ಇರುವವರೆಗೆ ವೀಸಾ, ವೀಸಾ ಇರುವವರೆಗೆ ದುಬೈ. ಮಂಗಳೂರಿನ ಚರ್ಚಿನ ಪಕ್ಕದಲ್ಲೇ ಸಿಮಿತ್ರಿ, ಅಂದರೆ ಸ್ಮಶಾನ, ಇರುತ್ತದೆ. ನವೆಂಬರ್ 2ರಂದು ಗೋರಿಗಳ ಮೇಲೆ ಮೇಣದ ಬತ್ತಿ ಉರಿಯುತ್ತದೆ. ಇಲ್ಲಿ ಚರ್ಚಿನ ಬಗಲಲ್ಲಿ ಗೋರಿಗಳಿಲ್ಲ. ಸತ್ತವರಲ್ಲಿ ಹೆಚ್ಚಿನವರು ಪೆಟ್ಟಿಗೆಯಲ್ಲಿ ಊರಿಗೆ ಹೋಗುತ್ತಾರೆ. ಊರಿನಲ್ಲಿ ಸತ್ತವರ ಅಂತ್ಯಕ್ರಿಯೆ ನೇರ ಪ್ರಸಾರದಲ್ಲಿ ದೇರಾಕ್ಕೆ ಬರುತ್ತದೆ. ರಜೆ ಸಿಗದವರು ಅಂಗಡಿಯ ಹಿಂದಿನ ಗೋಡೌನಿನಲ್ಲಿ ನಿಂತು ಮೊಬೈಲ್ ಪರದೆಯ ಎದುರು ಶಿಲುಬೆಯ ಗುರುತು ಹಾಕುತ್ತಾರೆ.

ಇಂಥ ಚದುರಿದ ಜನ ಒಮ್ಮೆ ಎದ್ದು ಕಂಡದ್ದು 2019ರ ಫೆಬ್ರವರಿ 5ರಂದು. ಅರೇಬಿಯಾ ಪರ್ಯಾಯದ್ವೀಪಕ್ಕೆ ಬಂದ ಮೊದಲ ಪೋಪ್, ಫ್ರಾನ್ಸಿಸ್, ಅಬುಧಾಬಿಯ ಜಾಯೆದ್ ಸ್ಪೋರ್ಟ್ಸ್ ಸಿಟಿಯಲ್ಲಿ ಪೂಜೆ ಅರ್ಪಿಸಿದರು. ದಿನ ಮಂಗಳವಾರ, ಟಿಕೆಟ್ ಇದ್ದ ಖಾಸಗಿ ನೌಕರರಿಗೂ ಸರ್ಕಾರ ರಜೆ ಕೊಡಿಸಿತು. ಸೇರಿದವರು ಸುಮಾರು 1.8 ಲಕ್ಷ. ಅಂದು ವಿಶ್ವಾಸಿಗಳ ಬಿನ್ನಹಗಳನ್ನು ಓದಿದ ಭಾಷೆಗಳಲ್ಲಿ ಕೊಂಕಣಿಯೂ ಒಂದು. ಕರಾವಳಿಯ ಮನೆಗಳಲ್ಲಿ ಟಿವಿ ನೋಡುತ್ತಿದ್ದವರಿಗೆ ಪೋಪರ ಪ್ರವಚನಕ್ಕಿಂತ ಆ ಕೆಲವು ಸಾಲು ಹೆಚ್ಚು ನೆನಪಿದ್ದರೆ ಆಶ್ಚರ್ಯವಿಲ್ಲ.

ದೊಡ್ಡ ದಿನಗಳಾಚೆ ಈ ಧರ್ಮಕೇಂದ್ರದ ನಿಜವಾದ ಕೆಲಸ ನಡೆಯುವುದು ಕಚೇರಿಯ ಕಿಟಕಿಯಲ್ಲಿ. ಊರಿನಲ್ಲಿ ಮದುವೆ ಗೊತ್ತಾದವನಿಗೆ ಇಲ್ಲಿಂದ ಒಂದು ಪತ್ರ ಬೇಕು: ಈತ ಅವಿವಾಹಿತ, ಈ ಧರ್ಮಕೇಂದ್ರದವನು, ಮದುವೆಗೆ ಅಡ್ಡಿಯಿಲ್ಲ. ವರ್ಷಗಟ್ಟಲೆ ಹಿಂದಿನ ಬೆಂಚಿನಲ್ಲಿ ಕೂತು ಎದ್ದು ಹೋದವನು ಆಗ ಬಂದು, ತನ್ನ ಹೆಸರು ಎಲ್ಲೂ ದಾಖಲಾಗಿಲ್ಲ ಎಂದು ತಿಳಿದು ಬೆವರುತ್ತಾನೆ. ಮದುವೆ ತಯಾರಿಯ ಶಿಬಿರದ ಪ್ರಮಾಣಪತ್ರವೂ ಬೇಕು, ಅದಕ್ಕೂ ಆಫ್ ಹೊಂದಿಸಬೇಕು. ಎಲ್ಲ ಕೂಡಿಸಿಕೊಂಡು ವಿಮಾನ ಹತ್ತಿ ಬಜ್ಪೆಯಲ್ಲಿ ಇಳಿದು ಮನೆ ತಲುಪಿದರೆ, ಜಗಲಿಯಲ್ಲಿ ಗುರ್ಕಾರ ಕೂತಿರುತ್ತಾನೆ, ಕೈಯಲ್ಲಿ ರಸೀದಿ ಪುಸ್ತಕ. ದುಬೈಯಲ್ಲಿದ್ದ ಇಷ್ಟೂ ವರ್ಷದ ವಂತಿಗೆ ಬಾಕಿ.