ಟ್ರಾಮ್ ಸಂಸ್ಥೆಯ ತಂಡಕ್ಕೆ ಬಂದ ಹುಡುಗಿ

ಲಾಟ್ವಿಯಾದ ರಾಜಧಾನಿ ರಿಗಾದಲ್ಲಿ 1958ರಲ್ಲಿ ಒಂದು ಮಹಿಳಾ ಬಾಸ್ಕೆಟ್‌ಬಾಲ್ ತಂಡ ಹುಟ್ಟಿಕೊಂಡಿತು. ಹೆಸರು ‘ಟಿಟಿಟಿ’. ಕೇಳಲು ವಿಚಿತ್ರವೆನಿಸುವ ಈ ಮೂರಕ್ಷರದ ಹಿಂದೆ ಇದ್ದದ್ದು ತೀರಾ ಸಾದಾ ಸಂಗತಿ. ನಗರದಲ್ಲಿ ಟ್ರಾಮು, ಟ್ರಾಲಿಬಸ್ಸುಗಳನ್ನು ಓಡಿಸುತ್ತಿದ್ದ ಸಂಸ್ಥೆಯ ಲಾಟ್ವಿಯನ್ ಹೆಸರಿನ ಮೊದಲ ಅಕ್ಷರಗಳವು. ಲಾಟ್ವಿಯಾ ಆಗ ಸೋವಿಯತ್ ಒಕ್ಕೂಟದ ಒಂದು ಗಣರಾಜ್ಯ. ಅಲ್ಲಿ ಆಟವನ್ನೇ ಕಸುಬಾಗಿಸಿಕೊಂಡವರು ಕಾಗದದ ಮೇಲಂತೂ ಯಾರೂ ಇರಲಿಲ್ಲ. ಪ್ರತಿ ತಂಡಕ್ಕೂ ಒಂದು ಕಾರ್ಖಾನೆಯೋ ಸೈನ್ಯವೋ ವಿಶ್ವವಿದ್ಯಾಲಯವೋ ಆಸರೆ. ರಿಗಾದ ಮಹಿಳೆಯರಿಗೆ ಸಿಕ್ಕಿದ್ದು ಟ್ರಾಮ್ ಸಂಸ್ಥೆ.

ಈ ತಂಡ 1960ರಲ್ಲಿ ಯುರೋಪಿನ ಚಾಂಪಿಯನ್ ಕ್ಲಬ್ಬುಗಳ ಕಪ್ ಗೆದ್ದಿತು. ನಂತರದ ಎರಡು ವರ್ಷವೂ ಗೆದ್ದಿತು. 1963ರಲ್ಲಿ ಸೋಫಿಯಾದ ತಂಡವೊಂದಕ್ಕೆ ಕಪ್ ಬಿಟ್ಟುಕೊಟ್ಟು, 1964ರಲ್ಲಿ ಮತ್ತೆ ಕಿತ್ತುಕೊಂಡಿತು. ಅಲ್ಲಿಂದ ಮುಂದೆ 1975ರವರೆಗೆ ಆ ಕಪ್ ರಿಗಾ ಬಿಟ್ಟು ಕದಲಲೇ ಇಲ್ಲ. ಉಲ್ಯಾನಾ ಸೆಮ್ಯೋನೊವಾ ಎಂಬ ಹುಡುಗಿಯ ಕತೆಯನ್ನು ಹೇಳುವಾಗ ಈ ಲೆಕ್ಕ ನೆನಪಿಡಬೇಕು. ಏಕೆಂದರೆ ಆಕೆಯಿಂದಲೇ ಟಿಟಿಟಿ ದೊಡ್ಡದಾಯಿತು ಎಂಬ ಮಾತು ಆಗಾಗ ಕೇಳಿಬರುತ್ತದೆ. ನಿಜವೆಂದರೆ, ಆಕೆ ಬಂದದ್ದು ಆಗಲೇ ಗೆದ್ದು ಪಳಗಿದ್ದವರ ಮನೆಗೆ.

ಉಲ್ಯಾನಾ ಹುಟ್ಟಿದ್ದು 1952ರ ಮಾರ್ಚ್ 9ರಂದು, ಲಿಥುವೇನಿಯಾದ ಜರಸಾಯ್ ಎಂಬಲ್ಲಿ. ಲಾಟ್ವಿಯಾದ ಗಡಿಗೆ ಹತ್ತಿರದ ಸಣ್ಣ ಊರು ಅದು. ರಷ್ಯನ್ ಮೂಲದ ಹಳ್ಳಿಗಾಡಿನ ಕುಟುಂಬ. ಮಗು ಬೆಳೆಯುತ್ತಾ ಹೋಯಿತು. ಓರಗೆಯವರು ನಿಂತ ಮೇಲೂ ಬೆಳೆಯಿತು. ಅಷ್ಟು ಎತ್ತರದ ಹುಡುಗಿಯ ಸುದ್ದಿ ಹಳ್ಳಿಯೊಳಗೇ ಉಳಿಯುವಂಥದ್ದಲ್ಲ. ಶಾಲೆ ಶಾಲೆಗಳಲ್ಲಿ ಎಳೆಯ ಪ್ರತಿಭೆಗಳನ್ನು ಹುಡುಕಿ, ನಗರಕ್ಕೆ ಕರೆತಂದು, ಓದು ಮತ್ತು ತರಬೇತಿ ಎರಡನ್ನೂ ಕೊಡುವ ಏರ್ಪಾಡು ಸೋವಿಯತ್ ಒಕ್ಕೂಟದಲ್ಲಿ ಇತ್ತು. 13ರ ಹರೆಯದಲ್ಲಿ ಉಲ್ಯಾನಾ ರಿಗಾ ಸೇರಿದಳು. ಅಲ್ಲಿಯವರೆಗೆ ಆಕೆಗೂ ಬಾಸ್ಕೆಟ್‌ಬಾಲಿಗೂ ನಂಟಿರಲಿಲ್ಲ. ಅವಳನ್ನು ಕರೆತಂದದ್ದು ಆಟವಲ್ಲ, ಎತ್ತರ. ಹದಿಮೂರರ ಹುಡುಗಿಯೊಬ್ಬಳು ತನ್ನ ಮೈಯ ಅಳತೆಯ ಕಾರಣಕ್ಕಾಗಿಯೇ ತಂದೆತಾಯಿಯರನ್ನು ಬಿಟ್ಟು ದೂರದ ನಗರಕ್ಕೆ ಹೋಗುವುದೆಂದರೆ ಸಣ್ಣ ಮಾತಲ್ಲ.

ಪೂರ್ಣ ಬೆಳೆದಾಗ ಆಕೆಯ ಎತ್ತರ 2.10 ಮೀಟರ್. ಅಂದರೆ ಏಳು ಅಡಿಗೆ ಒಂದಂಗುಲದಷ್ಟು ಕಡಿಮೆ. ಕೆಲವು ದಾಖಲೆಗಳು ಇನ್ನೂ ಎರಡು ಮೂರು ಸೆಂಟಿಮೀಟರ್ ಹೆಚ್ಚಿಗೆ ಕೊಡುತ್ತವೆ. ಬಾಸ್ಕೆಟ್‌ಬಾಲಿನ ರಿಂಗ್ ಇರುವುದು 3.05 ಮೀಟರ್ ಎತ್ತರದಲ್ಲಿ. ಹಾಗಾದರೆ ಆಕೆಗೆ ಕಷ್ಟವೇನಿತ್ತು, ಕೈ ಎತ್ತಿ ಚೆಂಡು ಹಾಕಿದರಾಯಿತಲ್ಲ ಎಂದು ಯಾರಿಗಾದರೂ ಅನಿಸಬಹುದು. ಆಕೆಯ ವೃತ್ತಿಜೀವನದುದ್ದಕ್ಕೂ ಹಾಗೆ ಅಂದವರಿಗೆ ಬರವಿರಲಿಲ್ಲ.

ಆದರೆ ಎತ್ತರದವರು ಬುಟ್ಟಿಯ ಕೆಳಗೆ ಬೇರು ಬಿಡದಂತೆ ನೋಡಿಕೊಳ್ಳುವ ನಿಯಮಗಳು ಈ ಆಟದಲ್ಲಿ ಹಿಂದಿನಿಂದಲೂ ಇವೆ. ಎದುರಾಳಿಯ ಬುಟ್ಟಿಯ ಮುಂದಿನ ನಿರ್ಬಂಧಿತ ಜಾಗದಲ್ಲಿ ದಾಳಿ ಮಾಡುವವರು ಒಮ್ಮೆಗೆ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲುವಂತಿಲ್ಲ. ಅಂತರರಾಷ್ಟ್ರೀಯ ಆಟದಲ್ಲಿ ಆಗ ಈ ಜಾಗ ಆಯತವಾಗಿರಲಿಲ್ಲ. ಬುಟ್ಟಿಯ ಕಡೆಗೆ ಅಗಲವಾಗುತ್ತಾ ಹೋಗಿ, ಕೊನೆಯ ಗೆರೆಯ ಬಳಿ ಆರು ಮೀಟರ್ ಹರಡಿಕೊಳ್ಳುತ್ತಿತ್ತು. ಎತ್ತರದ ಆಟಗಾರ್ತಿ ಹೊರಗೆ ನಿಂತು ಕಾಯಬೇಕು, ಸರಿಯಾದ ಕ್ಷಣಕ್ಕೆ ಒಳಗೆ ಹೆಜ್ಜೆ ಹಾಕಬೇಕು, ಚೆಂಡು ಹಿಡಿಯಬೇಕು, ತಿರುಗಬೇಕು, ಹಾಕಬೇಕು. ಸುತ್ತ ಇಬ್ಬರೋ ಮೂವರೋ ಮುತ್ತಿಕೊಂಡಿರುತ್ತಾರೆ. ಅವರ ಮೊಣಕೈಗಳೇನು ಸುಮ್ಮನಿರುವುದಿಲ್ಲ. ಇನ್ನು ಬುಟ್ಟಿಯತ್ತ ಇಳಿಯುತ್ತಿರುವ ಚೆಂಡನ್ನು ರಿಂಗಿನ ಮೇಲ್ಗಡೆ ತಡೆಯುವುದೂ ನಿಷಿದ್ಧ. ಎತ್ತರ ಒಂದೇ ಇದ್ದರೆ ಇಷ್ಟೆಲ್ಲ ಸಾಗುವುದಿಲ್ಲ. ಮೇಲಾಗಿ ಅಂಥ ಮೈಯನ್ನು ಓಡಿಸುವುದು, ನಿಲ್ಲಿಸುವುದು, ತಿರುಗಿಸುವುದು ಸುಲಭವಲ್ಲ. ಮಂಡಿ, ಪಾದಗಳ ಮೇಲೆ ಬೀಳುವ ಭಾರ ಬೇರೆ.

ಅಂದಿನ ಟಿಟಿಟಿಯ ತರಬೇತುದಾರ ರೈಮಂಡ್ಸ್ ಕಾರ್ನೀಟಿಸ್. ತಂಡದಲ್ಲಿ ಸ್ಕೈದ್ರೀತೆ ಸ್ಮಿಲ್ಡ್ಜಿಣಾ ಅವರಂಥ ಅನುಭವಿಗಳಿದ್ದರು. ದೂರದಿಂದ ಗುರಿಯಿಡುವವರು, ಸರಿಯಾದ ಹೊತ್ತಿಗೆ ಒಳಗೆ ಚೆಂಡು ತಲುಪಿಸುವವರು ಅಂಗಳದಲ್ಲಿದ್ದಾಗಲೇ ಎತ್ತರದ ಸೆಂಟರ್ ಆಟಗಾರ್ತಿಗೆ ಬೆಲೆ. ಎದುರಾಳಿಗಳು ಅವಳನ್ನು ಮುತ್ತಿದರೆ ಹೊರಗಿನವರಿಗೆ ದಾರಿ ತೆರೆಯುತ್ತದೆ. ಹೊರಗಿನವರನ್ನು ಕಾಯಲು ಹೋದರೆ ಅವಳು ಒಂಟಿಯಾಗಿ ಸಿಗುತ್ತಾಳೆ. ಈ ಇಕ್ಕಟ್ಟೇ ಮುಂದಿನ ಎರಡು ದಶಕ ಯುರೋಪಿನ ತಂಡಗಳ ತಲೆನೋವಾಯಿತು.

1968ರಲ್ಲಿ ಉಲ್ಯಾನಾಗೆ 16 ವರ್ಷ. ಆ ವರ್ಷ ಟಿಟಿಟಿಯೊಂದಿಗೆ ಯುರೋಪಿನ ಕ್ಲಬ್ ಕಪ್ ಗೆದ್ದಳು. ಆಕೆಯ ಪಾಲಿನ 11 ಕಪ್ಪುಗಳಲ್ಲಿ ಅದು ಮೊದಲನೆಯದು. ಅದೇ ವರ್ಷ ಇಟಲಿಯ ಮೆಸ್ಸಿನಾದಲ್ಲಿ ನಡೆದ ಯುರೋಪಿಯನ್ ಚಾಂಪಿಯನ್‌ಷಿಪ್ಪಿಗೆ ಸೋವಿಯತ್ ತಂಡದಲ್ಲಿ ಸ್ಥಾನ, ಜತೆಗೆ ಚಿನ್ನ. ರಾಷ್ಟ್ರೀಯ ತಂಡವನ್ನು ಪಳಗಿಸುತ್ತಿದ್ದವರು ಲಿಡಿಯಾ ಅಲೆಕ್ಸೆಯೆವಾ, 1962ರಿಂದ 1984ರವರೆಗೆ. 1971ರಲ್ಲಿ ಬ್ರೆಜಿಲ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್ ಗೆದ್ದ ತಂಡದಲ್ಲೂ ಉಲ್ಯಾನಾ ಇದ್ದಳು. ಆಗ ಹತ್ತೊಂಬತ್ತರ ಪ್ರಾಯ.

ಇಷ್ಟು ಗೆದ್ದ ಮೇಲೂ ಒಲಿಂಪಿಕ್ ಪದಕವಿಲ್ಲ. ಕಾರಣ ಆಕೆಯದಲ್ಲ. ಪುರುಷರ ಬಾಸ್ಕೆಟ್‌ಬಾಲ್ 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲೇ ಪದಕದ ಆಟವಾಗಿತ್ತು. ಮಹಿಳೆಯರ ಯುರೋಪಿಯನ್ ಚಾಂಪಿಯನ್‌ಷಿಪ್ 1938ರಲ್ಲೂ, ವಿಶ್ವ ಚಾಂಪಿಯನ್‌ಷಿಪ್ 1953ರಲ್ಲೂ ಆರಂಭವಾಗಿದ್ದವು. ಆದರೂ ಒಲಿಂಪಿಕ್ಸ್‌ನ ಬಾಗಿಲು ಮಹಿಳೆಯರಿಗೆ ತೆರೆಯಲು 40 ವರ್ಷ ಹಿಡಿಯಿತು. ಟಿಟಿಟಿಯ ಹಿರಿಯ ಆಟಗಾರ್ತಿಯರಲ್ಲಿ ಹಲವರು ಆ ಬಾಗಿಲು ತೆರೆಯುವ ಮುನ್ನವೇ ಆಟ ಮುಗಿಸಿದ್ದರು. ಅವರ ಹೆಸರುಗಳು ಹೊರಗೆ ಅಷ್ಟಾಗಿ ಗೊತ್ತಿಲ್ಲದಿರುವುದಕ್ಕೆ ಇದೂ ಒಂದು ಕಾರಣ.

1976ರ ಮಾಂಟ್ರಿಯಲ್‌ನಲ್ಲಿ ಮೊದಲ ಬಾರಿಗೆ ಆರು ಮಹಿಳಾ ತಂಡಗಳು ಪರಸ್ಪರ ಆಡಿದವು. ಅಮೆರಿಕದ ಸೆಂಟರ್ ಲೂಸಿಯಾ ಹ್ಯಾರಿಸ್ ಕೂಡ ಪ್ರತಿಭಾವಂತೆಯೇ. ಮಹಿಳಾ ಒಲಿಂಪಿಕ್ ಬಾಸ್ಕೆಟ್‌ಬಾಲಿನ ಮೊಟ್ಟಮೊದಲ ಬುಟ್ಟಿ ಹಾಕಿದವರು ಅವರೇ. ಎತ್ತರ ಆರು ಅಡಿ ಮೂರು ಅಂಗುಲ. ಸೆಮ್ಯೋನೊವಾ ಎದುರು ನಿಂತಾಗ ಅವರೂ ಗಿಡ್ಡವಾಗಿ ಕಂಡರು. ಸೋವಿಯತ್ ತಂಡ ಆ ಪಂದ್ಯವನ್ನು 112-77ರಿಂದ ಗೆದ್ದಿತು, ಉಳಿದ ನಾಲ್ಕನ್ನೂ ಗೆದ್ದು ಚಿನ್ನ ಪಡೆಯಿತು. ಅಮೆರಿಕಕ್ಕೆ ಬೆಳ್ಳಿ, ಬಲ್ಗೇರಿಯಾಕ್ಕೆ ಕಂಚು.

ಆಗ ಸೆಮ್ಯೋನೊವಾಗೆ 24 ವರ್ಷ. ರಾಷ್ಟ್ರೀಯ ತಂಡದಲ್ಲಿ ಒಂಬತ್ತನೆಯ ವರ್ಷ. 1980ರ ಮಾಸ್ಕೋದಲ್ಲಿ ಎರಡನೆಯ ಚಿನ್ನ ಬಂತು. ನಾಲ್ಕು ವರ್ಷದ ನಂತರ ಲಾಸ್ ಏಂಜಲೀಸ್‌ಗೆ ಸೋವಿಯತ್ ಒಕ್ಕೂಟ ಹೋಗಲೇ ಇಲ್ಲ. ಸೋವಿಯತ್ ಗಡಿಯಾಚೆಯ ಕ್ಲಬ್ಬೊಂದಕ್ಕೆ ಆಡಲು ಆಕೆಗೆ ಅವಕಾಶ ಸಿಕ್ಕಿದ್ದು 1987ರಲ್ಲಿ, ಸ್ಪೇನ್‌ನಲ್ಲಿ. ಆಗ ವಯಸ್ಸು 35.