ರಾಜ್ಯಗಳು ಕುಸಿಯುವುದೇಕೆ? ಇಬ್ನ್ ಖಲ್ದೂನ್ ಕಂಡ ಕಾರಣಗಳು

ಆರು ಲಕ್ಷ ಯೋಧರು ರಣರಂಗದಲ್ಲಿ ಸಾಲುಗಟ್ಟಿ ನಿಂತರೆ, ಒಂದು ತುದಿಯಲ್ಲಿ ನಡೆಯುವುದು ಇನ್ನೊಂದು ತುದಿಗೆ ತಿಳಿಯುವುದಾದರೂ ಹೇಗೆ? ಮೋಸೆಸ್‌ನ ಸೇನೆ ಅಷ್ಟು ದೊಡ್ಡದಿತ್ತೆಂದು ಹಿಂದಿನ ಇತಿಹಾಸಕಾರರು ಬರೆದದ್ದನ್ನು ಓದಿ ಅರಬ್ ಚಿಂತಕ ಇಬ್ನ್ ಖಲ್ದೂನ್ ಎತ್ತಿದ ಪ್ರಶ್ನೆ ಇದು. ಈಜಿಪ್ಟಿಗೆ ಬಂದ 70 ಜನರ ಕುಟುಂಬ ನಾಲ್ಕು ತಲೆಮಾರಿನಲ್ಲಿ ಅಷ್ಟು ಬೆಳೆಯಲಾರದು ಎಂದೂ ಆತ ವಾದಿಸಿದ. ಹೇಳಿದವರು ಎಷ್ಟೇ ದೊಡ್ಡವರಿರಲಿ, ಹೇಳಿದ್ದು ಸಮಾಜದ ಸ್ವಭಾವಕ್ಕೆ ಹೊಂದುತ್ತದೆಯೇ ಎಂದು ಒರೆಗೆ ಹಚ್ಚಬೇಕು ಎಂಬುದು ಆತನ ನಿಲುವು.

1332ರಲ್ಲಿ ಟ್ಯುನಿಸ್‌ನಲ್ಲಿ ಹುಟ್ಟಿದ ಖಲ್ದೂನ್ ಹದಿಹರೆಯದಲ್ಲೇ ಪ್ಲೇಗಿಗೆ ತಂದೆತಾಯಿಯನ್ನು ಕಳೆದುಕೊಂಡ. ಉತ್ತರ ಆಫ್ರಿಕಾದ ಹಲವು ಆಸ್ಥಾನಗಳಲ್ಲಿ ದುಡಿದ, ಸೆರೆಮನೆಯನ್ನೂ ಕಂಡ. ರಾಜಕೀಯದಿಂದ ದೂರ ಸರಿದು, 1377ರಲ್ಲಿ ಇಂದಿನ ಅಲ್ಜೀರಿಯಾದ ಕೋಟೆಯೊಂದರಲ್ಲಿ ‘ಮುಕದ್ದಿಮಾ’ ಬರೆದ. ರಾಜವಂಶಗಳ ಏಳುಬೀಳುಗಳಿಗೆ ಅರಸರ ಗುಣಾವಗುಣಗಳಾಚೆ, ಸಮಾಜದೊಳಗೇ ಕಾರಣ ಹುಡುಕಿದ ಗ್ರಂಥವದು.

ಆತನ ಚಿಂತನೆಯ ತಿರುಳು ‘ಅಸಬಿಯ್ಯಾ’, ಅಂದರೆ ಬಳಗದ ಒಗ್ಗಟ್ಟು. ಮರುಭೂಮಿಯ ಬದುಕು ಕಠಿಣ. ಒಬ್ಬರಿಗೊಬ್ಬರು ಆಗದೆ ಅಲ್ಲಿ ಉಳಿವಿಲ್ಲ. ಹಾಗೆ ಕೂಡಿ ಬಾಳಿದ ಬುಡಕಟ್ಟುಗಳೇ ನಗರಗಳನ್ನು ಗೆದ್ದು ರಾಜ್ಯ ಕಟ್ಟುತ್ತವೆ. ಎರಡನೆಯ ತಲೆಮಾರು ಸುಖಕ್ಕೆ ಒಗ್ಗಿಕೊಳ್ಳುತ್ತದೆ, ಮೂರನೆಯದು ಹಳೆಯ ಕಷ್ಟವನ್ನೇ ಮರೆಯುತ್ತದೆ. ತನ್ನವರನ್ನು ದೂರವಿಟ್ಟ ಅರಸ ಕೂಲಿ ಸೈನಿಕರನ್ನು ನೆಚ್ಚುತ್ತಾನೆ. ಖರ್ಚು ಏರುತ್ತದೆ, ತೆರಿಗೆಯೂ ಏರುತ್ತದೆ. ದುಡಿದರೂ ಕೈಗೆ ಏನೂ ಹತ್ತದಾದಾಗ ರೈತ, ವ್ಯಾಪಾರಿ ಇಬ್ಬರೂ ಹಿಂದೆ ಸರಿಯುತ್ತಾರೆ. ತೆರಿಗೆ ಹೆಚ್ಚಿದರೂ ಬೊಕ್ಕಸ ಬರಿದಾಗುತ್ತದೆ. ತಲೆಮಾರಿಗೆ 40 ವರ್ಷದಂತೆ ಒಂದು ವಂಶದ ಆಯುಸ್ಸು ಸುಮಾರು 120 ವರ್ಷ ಎಂದು ಆತ ಅಂದಾಜಿಸಿದ.

ತೆರಿಗೆ ಮತ್ತು ಆದಾಯದ ಸಂಬಂಧವನ್ನು ಚಿತ್ರಿಸುವ ಲಾಫರ್ ರೇಖೆ ಇಂದು ಅರ್ಥಶಾಸ್ತ್ರದಲ್ಲಿ ಪ್ರಸಿದ್ಧ. ಈ ವಿಚಾರ ತನ್ನದಲ್ಲ, ಖಲ್ದೂನ್‌ನಲ್ಲೇ ಇದೆ ಎಂದು ಅಮೆರಿಕದ ಅರ್ಥಶಾಸ್ತ್ರಜ್ಞ ಆರ್ಥರ್ ಲಾಫರ್ ಅವರೇ ಒಪ್ಪಿದ್ದಾರೆ.

ಹಾಗೆಂದು ಖಲ್ದೂನ್‌ನ ಲೆಕ್ಕವನ್ನು ಎಲ್ಲೆಡೆಗೂ ಅನ್ವಯಿಸಲಾಗದು. ಆತ ಹತ್ತಿರದಿಂದ ಕಂಡದ್ದು ಉತ್ತರ ಆಫ್ರಿಕಾದ ಬುಡಕಟ್ಟು ರಾಜ್ಯಗಳನ್ನು. ಆಟೊಮನ್ ವಂಶ ಆರು ಶತಮಾನ ಆಳಿತು. ಚುನಾವಣೆ, ಸಂವಿಧಾನಗಳ ಕಾಲವಂತೂ ಬೇರೆಯೇ. ಆದರೆ ಬಳಗದ ನಂಟು ಸಡಿಲಿದ ದೊಡ್ಡ ನಗರಗಳಲ್ಲಿ ಅಪರಿಚಿತರನ್ನು ಒಟ್ಟಿಗೆ ಹಿಡಿದಿಡುವುದು ಯಾವುದು ಎಂಬ ಪ್ರಶ್ನೆ ಈಗ ಇನ್ನಷ್ಟು ಮುಖ್ಯವಾಗಿದೆ. ಒಂದು ಆಡಳಿತ ಎಷ್ಟು ಗಟ್ಟಿ ಎಂದು ತಿಳಿಯಲು ಖಜಾನೆ, ಸೈನ್ಯಗಳನ್ನಷ್ಟೇ ಎಣಿಸಿದರೆ ಸಾಲದು. ಜನರಲ್ಲಿ ದುಡಿಯುವ ಹುರುಪು, ಪರಸ್ಪರ ನಂಬಿಕೆ ಉಳಿದಿದೆಯೇ ಎಂಬುದನ್ನೂ ನೋಡಬೇಕು.