ಬಿಗಿಯಬೇಡಿ, ಹಾಸಿ: ಲಾಂಗ್‌ಆರ್ಮ್ ಯಂತ್ರದ ಬಗೆಗಿನ ತಪ್ಪು ಕಲ್ಪನೆಗಳು

ಧಾರವಾಡದ ನಮ್ಮ ಮನೆಯಲ್ಲಿ ಕೌದಿ ಹೊಲಿಯುವ ದಿನ ಪಡಸಾಲೆ ಖಾಲಿಯಾಗುತ್ತಿತ್ತು. ಅಜ್ಜಿ ಹಳೆಯ ಸೀರೆಯನ್ನು ನೆಲಕ್ಕೆ ಹಾಸಿ, ನಡುವಿನಿಂದ ಅಂಚಿನ ಕಡೆಗೆ ಅಂಗೈಯಿಂದ ಸವರಿ, ನಾಲ್ಕು ಮೂಲೆಗೂ ಕಲ್ಲೋ ತಂಬಿಗೆಯೋ ಇಡುತ್ತಿದ್ದಳು. ಸುಕ್ಕು ಕಂಡಿತೆಂದು ನಾವು ಅಂಚು ಹಿಡಿದು ಜಗ್ಗಿದರೆ, "ಎಳೀಬ್ಯಾಡ, ಹಾಸು" ಎಂದು ಕೈ ಸರಿಸುತ್ತಿದ್ದಳು. ಎಳೆದ ಬಟ್ಟೆ ಹೊಲಿದ ಮೇಲೆ ತನ್ನ ಜಾಗಕ್ಕೆ ಮರಳುತ್ತದೆ, ಆಗ ಕೌದಿ ಮುದುಡಿಕೊಳ್ಳುತ್ತದೆ. ಅವಳಿಗೆ ಅದು ಅನುಭವದಿಂದ ಗೊತ್ತಿತ್ತು. ನನಗೆ ಅದು ಪೂರ್ತಿ ತಿಳಿದದ್ದು ಬಹಳ ವರ್ಷಗಳ ಮೇಲೆ, ಅಮೆರಿಕದ ನಮ್ಮ ಮನೆಯ ನೆಲಮಾಳಿಗೆಯಲ್ಲಿ, ಹನ್ನೆರಡು ಅಡಿ ಉದ್ದದ ಒಂದು ಕಬ್ಬಿಣದ ಚೌಕಟ್ಟಿನ ಮುಂದೆ ನಿಂತಾಗ.

ಅದು ಲಾಂಗ್‌ಆರ್ಮ್ ಕ್ವಿಲ್ಟಿಂಗ್ ಯಂತ್ರ, ಕೈಬದಲಾದದ್ದು. ಮನೆಯ ಹೊಲಿಗೆ ಯಂತ್ರದಲ್ಲಿ ಯಂತ್ರ ನಿಂತಿರುತ್ತದೆ, ಬಟ್ಟೆ ಸರಿಯುತ್ತದೆ. ಇಲ್ಲಿ ಬಟ್ಟೆ ರೋಲರುಗಳ ನಡುವೆ ನಿಂತಿರುತ್ತದೆ, ಉದ್ದ ತೋಳಿನ ಯಂತ್ರ ಹಳಿಯ ಮೇಲೆ ಓಡಾಡುತ್ತದೆ. ಎರಡು ಹಿಡಿಕೆ ಹಿಡಿದು, ಗೋಡೆಗೆ ಚಿತ್ರ ಬರೆದಂತೆ ಯಂತ್ರವನ್ನೇ ನಡೆಸಬೇಕು. ಇಂಥ ಯಂತ್ರಗಳಿಗೂ ಅಮೆರಿಕದ ನಡುನಾಡಿಗೂ ಹತ್ತಿರದ ನಂಟು. ಇವನ್ನು ತಯಾರಿಸುವ ಗ್ಯಾಮಿಲ್ ಕಂಪನಿ ಮಿಸೌರಿಯ ವೆಸ್ಟ್ ಪ್ಲೇನ್ಸ್‌ನದು, ಎಪಿಕ್ಯೂಎಸ್ ಅಯೋವಾದ ಕ್ಯಾರಲ್ ಊರಿನದು. ಮಿಸೌರಿಯ ಹ್ಯಾಮಿಲ್ಟನ್ ಎಂಬ ಸಣ್ಣ ಊರಿನಲ್ಲಿ ಜೆನ್ನಿ ಡೋನ್ ಅವರ ಮಕ್ಕಳು ತಾಯಿಗೆ ಒಂದು ಲಾಂಗ್‌ಆರ್ಮ್ ಕೊಡಿಸಿದ್ದೇ ನೆಪವಾಗಿ 2008ರಲ್ಲಿ ಮಿಸೌರಿ ಸ್ಟಾರ್ ಕ್ವಿಲ್ಟ್ ಕಂಪನಿ ಹುಟ್ಟಿತು. ಲೋಹದ ಮೈಯ ಈ ಯಂತ್ರಗಳು ದಶಕಗಟ್ಟಲೆ ಬಾಳುತ್ತವೆ. ಒಡತಿಗೆ ವಯಸ್ಸಾಗಿ ನಿಂತು ಹೊಲಿಯಲು ಆಗದಿದ್ದಾಗ ಅವು ಮಾರಾಟಕ್ಕೆ ಬರುತ್ತವೆ. ಯಂತ್ರದ ಜೊತೆಗೆ ಒಂದಷ್ಟು ತಪ್ಪು ತಿಳಿವಳಿಕೆಯೂ ಕೈ ಬದಲಾಯಿಸುತ್ತದೆ.

ತಪ್ಪು ಕಲ್ಪನೆ: ಬಟ್ಟೆ ತಮಟೆಯಂತೆ ಬಿಗಿಯಾಗಿರಬೇಕು

ಎಲ್ಲಕ್ಕಿಂತ ಹೆಚ್ಚು ಕ್ವಿಲ್ಟುಗಳನ್ನು ಕೆಡಿಸುವ ನಂಬಿಕೆ ಇದು. ನಮ್ಮವರಲ್ಲಿ ಇದು ಬೇರೂರಲು ಕಾರಣವೂ ಇದೆ. ಈ ಚೌಕಟ್ಟು ನೋಡಲು ಥೇಟ್ ಮಗ್ಗದಂತಿದೆ. ಮಗ್ಗದಲ್ಲಿ ಹಾಸು ಬಿಗಿಯಾಗಿರದಿದ್ದರೆ ನೇಯ್ಗೆಯೇ ಇಲ್ಲ. ಕಸೂತಿ ಹಾಕುವಾಗಲೂ ರಿಂಗಿಗೆ ಬಟ್ಟೆ ಬಿಗಿದು, ಬೆರಳಿನಿಂದ ತಟ್ಟಿ ನೋಡುವುದನ್ನು ಕಲಿತವರು ನಾವು. ಹಾಗಾಗಿ ರೋಲರು ಕಂಡ ಕೂಡಲೇ ಕೈ ತಾನಾಗಿ ತಿರುವಿ ಬಿಗಿಯುತ್ತದೆ.

ಬಿಗಿದರೆ ಏನಾಗುತ್ತದೆ? ಸೂಜಿ ಮೇಲ್ಪದರ, ನಡುವಿನ ಹತ್ತಿಪದರ, ಅಡಿಬಟ್ಟೆ ಎಂಬ ಮೂರು ಪದರ ದಾಟಿ ಕೆಳಗಿಳಿದು, ಮತ್ತೆ ಮೇಲೇಳಲು ಶುರುಮಾಡುವ ಗಳಿಗೆಯಲ್ಲಿ ಅದರ ಬೆನ್ನಿಗೆ ದಾರದ ಒಂದು ಸಣ್ಣ ಕುಣಿಕೆ ಮೂಡುತ್ತದೆ. ಕೆಳಗೆ ತಿರುಗುವ ಕೊಕ್ಕೆ ಆ ಕುಣಿಕೆಯನ್ನು ಹಿಡಿದರೆ ಮಾತ್ರ ಹೊಲಿಗೆ ಬಿತ್ತು. ನಾವು ಯಂತ್ರವನ್ನು ಸರಿಸುತ್ತಲೇ ಇರುವುದರಿಂದ, ಸೂಜಿ ಬಟ್ಟೆಯೊಳಗಿರುವ ಆ ಚೂರು ಹೊತ್ತಿನಲ್ಲಿ ಬಟ್ಟೆ ಒಂದಿಷ್ಟು ಅದರ ಜೊತೆ ಹೋಗಬೇಕು. ಬಿಗಿದ ಬಟ್ಟೆ ಹೋಗುವುದಿಲ್ಲ. ಆಗ ಸೂಜಿಯೇ ಬಾಗುತ್ತದೆ, ಕೊಕ್ಕೆಗೆ ಕುಣಿಕೆ ತಪ್ಪುತ್ತದೆ. ಹೊಲಿಗೆ ಹಾರುತ್ತದೆ, ದಾರ ತುಂಡಾಗುತ್ತದೆ, ಕೆಲವೊಮ್ಮೆ ಸೂಜಿಯೇ ಮುರಿಯುತ್ತದೆ. "ಹಳೇ ಯಂತ್ರ, ಮೋಸ ಹೋದೆ" ಎಂದು ಮಾರಿದವರನ್ನು ಬೈಯುತ್ತೇವೆ. ಇಷ್ಟೆಲ್ಲ ಆಗದೆ ಹೊಲಿದು ಮುಗಿಸಿದರೂ, ರೋಲರಿನಿಂದ ಇಳಿಸಿದಾಗ ಜಗ್ಗಿದ್ದ ಅಡಿಬಟ್ಟೆ ಒಳಗೆಳೆದುಕೊಂಡು, ಮೇಲ್ಪದರದ ತುಂಬ ಸಣ್ಣ ಸಣ್ಣ ನೆರಿಗೆ ಏಳುತ್ತವೆ. ಅಜ್ಜಿ ಹೇಳಿದ್ದು ಇದನ್ನೇ.

ಸತ್ಯ ಇಷ್ಟು: ಬಟ್ಟೆ ಜೋತುಬೀಳಬಾರದು, ಆದರೆ ಬಗ್ಗಬೇಕು. ನೋಡುವ ಬಗೆ ಸುಲಭ. ಒಂದು ಕೈಯನ್ನು ಕ್ವಿಲ್ಟಿನ ಅಡಿಗೆ ಹಾಕಿ ತೋರುಬೆರಳಿನಿಂದ ಮೇಲಕ್ಕೆ ಒತ್ತಿ. ಇನ್ನೊಂದು ಕೈಯಿಂದ, ಬಟ್ಟೆಯ ಮೇಲಿಂದಲೇ, ಆ ಬೆರಳಿನ ತುದಿಯನ್ನು ಮೊದಲ ಗೆಣ್ಣಿನವರೆಗೆ ಹಿಡಿಯಲು ಬರಬೇಕು. ಬಂದರೆ ಹದ ಸರಿ. ಬರದಿದ್ದರೆ ರೋಲರಿನ ಲಾಕು ತೆಗೆದು ಒಂದು ಹಲ್ಲು ಸಡಿಲಿಸಿ. ಇಡ್ಲಿ ಹಿಟ್ಟಿನ ಹದದಂತೆ ಇದೂ ಕೈಗೆ ಕೂತರೆ ಮತ್ತೆ ತಪ್ಪುವುದಿಲ್ಲ.

ಅಕ್ಕಪಕ್ಕದ ಕ್ಲಿಪ್ಪುಗಳಿಗೂ ಇದೇ ಮಾತು. ಅಡಿಬಟ್ಟೆಯ ಎಡಬಲದ ಅಂಚಿಗೆ ಹಾಕುವ ಆ ಪಟ್ಟಿಗಳಿರುವುದು ಸಡಿಲು ತೆಗೆಯಲು, ಜಗ್ಗಲು ಅಲ್ಲ. ಅವನ್ನು ಜೋರಾಗಿ ಎಳೆದರೆ ಕ್ಲಿಪ್ಪು ಇದ್ದಲ್ಲಿ ಅಂಚು ಹೊರಕ್ಕೆ ಬಂದು, ಇಲ್ಲದಲ್ಲಿ ಒಳಕ್ಕೆ ಹೋಗಿ, ಮುಗಿದ ಕ್ವಿಲ್ಟಿನ ಬದಿ ಅಲೆಅಲೆಯಾಗುತ್ತದೆ.

ಹೊಲಿಯುತ್ತ ಹೋದಂತೆ ಮುಗಿದ ಭಾಗ ಮೇಲಿನ ರೋಲರಿಗೆ ಸುತ್ತಿಕೊಂಡು ದಪ್ಪವಾಗುತ್ತದೆ. ಸುರುಳಿ ದಪ್ಪವಾದಷ್ಟೂ ಕ್ವಿಲ್ಟು ಯಂತ್ರದ ತಟ್ಟೆಯಿಂದ ಮೇಲೇಳುತ್ತದೆ, ಮತ್ತೆ ಹೊಲಿಗೆ ಹಾರಲು ಶುರು. ಹಳೆಯ ಚೌಕಟ್ಟುಗಳಲ್ಲಿ ಆ ರೋಲರಿನ ಎತ್ತರವನ್ನು ನಾವೇ ಕೈಯಿಂದ ಸರಿಪಡಿಸಿಕೊಳ್ಳಬೇಕು. ತಟ್ಟೆಗೂ ಬಟ್ಟೆಗೂ ನಡುವೆ ಒಂದು ಬೆರಳು ದಪ್ಪದ ಸಂದು ಇದ್ದರೆ ಸಾಕು. ನಾನು ಪ್ರತಿ ಸಲ ಕ್ವಿಲ್ಟು ಸುತ್ತಿ ಮುಂದಕ್ಕೆ ತಂದಾಗಲೂ ಆ ಸಂದಿಗೆ ಬೆರಳು ಹಾಕಿ ನೋಡುತ್ತೇನೆ.

ತಪ್ಪು ಕಲ್ಪನೆ: ಹಿಂದಿನವರು ಹಾಕಿದ ಗುರುತು ಇದ್ದರೆ ಅಳತೆ ಬೇಡ

ರೋಲರಿಗೆ ಅಂಟಿಸಿರುವ ಕ್ಯಾನ್ವಾಸ್ ಬಟ್ಟೆಗೆ ಲೀಡರ್ ಎನ್ನುತ್ತಾರೆ. ಕ್ವಿಲ್ಟಿನ ಅಡಿಬಟ್ಟೆಯನ್ನು ಗುಂಡುಪಿನ್ನಿನಿಂದ ಚುಚ್ಚುವುದು ಇದಕ್ಕೆ. ಲೀಡರಿನ ನಡುಭಾಗದ ಗುರುತಿಗೆ ಅಡಿಬಟ್ಟೆಯ ನಡುಭಾಗ ಕೂಡಿಸಿ, ಅಲ್ಲಿಂದ ಎರಡೂ ಕಡೆಗೆ ಪಿನ್ನು ಹಾಕುತ್ತ ಹೋಗಬೇಕು. ನನಗೆ ಬಂದ ಚೌಕಟ್ಟಿನಲ್ಲಿ ಹಿಂದಿನ ಒಡತಿ ನೀಲಿ ಶಾಯಿಯಲ್ಲಿ ಚೆಂದವಾಗಿ ಗುರುತು ಹಾಕಿದ್ದರು. ನಾನು ನಂಬಿದೆ. ಮೊದಲ ಮೂರು ಕ್ವಿಲ್ಟುಗಳು ಒಂದೇ ಕಡೆಗೆ ಓರೆಯಾದವು. ನಾಲ್ಕನೆಯದಕ್ಕೆ ಟೇಪು ಹಿಡಿದೆ. ಮೇಲಿನ ರೋಲರಿನ ನಡುಗುರುತಿಗೂ ಕೆಳಗಿನ ರೋಲರಿನ ನಡುಗುರುತಿಗೂ ಮುಕ್ಕಾಲು ಇಂಚು ವ್ಯತ್ಯಾಸವಿತ್ತು. ಕ್ಯಾನ್ವಾಸು ವರ್ಷಾನುಗಟ್ಟಲೆ ಎಳೆತಕ್ಕೆ ಸಿಕ್ಕು ಒಂದು ಬದಿ ಹಿಗ್ಗಿ, ಅದರ ಅಂಚೇ ಸೊಟ್ಟಗಿತ್ತು.

ಹಳೆಯ ಚೌಕಟ್ಟು ಮನೆಗೆ ಬಂದ ದಿನ ಮಾಡಬೇಕಾದ ಕೆಲಸ ಇದು. ಅಡ್ಡಡ್ಡ ಮಾತ್ರ ಓಡುವಂತೆ ಯಂತ್ರವನ್ನು ಹಿಡಿದಿಡುವ ಲಾಕು ಬಹಳಷ್ಟು ಲಾಂಗ್‌ಆರ್ಮ್‌ಗಳಲ್ಲಿ ಇರುತ್ತದೆ. ಆ ಲಾಕು ಹಾಕಿ, ಬರಿಯ ಲೀಡರಿನ ಅಂಚಿನ ಹತ್ತಿರ ಈ ತುದಿಯಿಂದ ಆ ತುದಿಗೆ ಒಂದು ಸಾಲು ಹೊಲಿಯಿರಿ. ಹಳಿ ನೆಟ್ಟಗಿದ್ದರೆ ಆ ಸಾಲೂ ನೆಟ್ಟಗೆ ಬರುತ್ತದೆ. ಸಾಲಿಗೂ ಲೀಡರಿನ ಅಂಚಿಗೂ ನಡುವಿನ ಅಂತರ ಎರಡು ತುದಿಯಲ್ಲೂ ಒಂದೇ ಇದೆಯೇ ನೋಡಿ. ಇಲ್ಲದಿದ್ದರೆ ಇನ್ನು ಮುಂದೆ ಪಿನ್ನು ಚುಚ್ಚಬೇಕಾದದ್ದು ಅಂಚಿಗಲ್ಲ, ನೀವು ಹೊಲಿದ ಸಾಲಿಗೆ. ಲೀಡರು ತೀರ ಹಿಗ್ಗಿದ್ದರೆ ಕಿತ್ತು ಹೊಸ ಕ್ಯಾನ್ವಾಸು ಹಾಕಿ. ಹೊಸ ಯಂತ್ರದ ಬೆಲೆಯ ಮುಂದೆ ಆ ಬಟ್ಟೆಯ ಬೆಲೆ ಏನೇನೂ ಅಲ್ಲ.

ತಪ್ಪು ಕಲ್ಪನೆ: ಅಡಿಬಟ್ಟೆ ಮೇಲ್ಪದರದಷ್ಟೇ ಇದ್ದರೆ ಸಾಕು, ಜೋಡು ಎಲ್ಲಿದ್ದರೂ ನಡೆದೀತು

ಸಾಲದು. ಪಿನ್ನಿಗೆ, ಕ್ಲಿಪ್ಪಿಗೆ, ಯಂತ್ರದ ತಲೆ ತಿರುಗಲು ಜಾಗ ಬೇಕು. ರೂಢಿಯ ಲೆಕ್ಕ ಎಂದರೆ ಪ್ರತಿ ಬದಿಗೂ 4 ಇಂಚು ಹೆಚ್ಚು. ಮೇಲ್ಪದರ 60 ಇಂಚು ಅಗಲ, 72 ಇಂಚು ಉದ್ದ ಇದ್ದರೆ ಅಡಿಬಟ್ಟೆ 68ಕ್ಕೆ 80 ಇರಲಿ. ಅಮೆರಿಕದಲ್ಲಿ ಕ್ವಿಲ್ಟಿನ ಹತ್ತಿಬಟ್ಟೆ ಸಾಮಾನ್ಯವಾಗಿ 42ರಿಂದ 44 ಇಂಚು ಪನ್ನೆಯದಾದ್ದರಿಂದ ಎರಡು ತುಂಡು ಜೋಡಿಸಲೇಬೇಕು. ಜೋಡು ಉದ್ದುದ್ದ ಬರುವಂತೆ ಹೊಲಿದರೆ, ರೋಲರು ಸುತ್ತಿದಾಗ ಆ ಜೋಡು ಪ್ರತಿ ಸುತ್ತಿನಲ್ಲೂ ಒಂದೇ ಜಾಗದಲ್ಲಿ ಬಿದ್ದು ಗಂಟಿನಂತೆ ಉಬ್ಬುತ್ತದೆ. ನಡುಭಾಗ ಬಿಗಿ, ಎರಡು ಬದಿ ಸಡಿಲು. ಜೋಡು ಅಡ್ಡಡ್ಡ, ಅಂದರೆ ರೋಲರಿಗೆ ಸಮನಾಗಿ ಬಂದರೆ ಒಂದೇ ಸುತ್ತಿನಲ್ಲಿ ಮುಗಿದುಹೋಗುತ್ತದೆ. ಬಟ್ಟೆಯೂ ಉಳಿಯುತ್ತದೆ: ಉದ್ದುದ್ದ ಜೋಡಿಸಿದರೆ 80 ಇಂಚಿನ ಎರಡು ತುಂಡು, ಒಟ್ಟು 160 ಇಂಚು ಬೇಕು. ಅಡ್ಡಡ್ಡಕ್ಕೆ 68ರ ಎರಡು, ಒಟ್ಟು 136 ಇಂಚು ಸಾಕು.

ಜೋಡಿಸುವ ಮುನ್ನ ನೇಯ್ಗೆಯ ಗಟ್ಟಿ ಅಂಚನ್ನು ಕತ್ತರಿಸಿ ತೆಗೆಯಿರಿ. ಅದು ಉಳಿದ ಬಟ್ಟೆಯಷ್ಟು ಹಿಗ್ಗುವುದಿಲ್ಲ, ಜೋಡಿನಲ್ಲಿ ಸೇರಿದರೆ ಅಲ್ಲೇ ಮುದುಡುತ್ತದೆ. ಇನ್ನೊಂದು ಮಾತು: ಅಡಿಬಟ್ಟೆಯ ಚೆಂದದ ಮುಖ ನೆಲದ ಕಡೆಗಿರಬೇಕು, ಜೋಡಿನ ಮಡಿಕೆಗಳು ನಮಗೆ ಕಾಣುತ್ತಿರಬೇಕು. ಪಿನ್ನು ಹಾಕಿ ಸುತ್ತುವ ಮೊದಲು ಒಮ್ಮೆ ಬಗ್ಗಿ ನೋಡಿದರೆ ಒಂದು ಇಡೀ ಸಂಜೆ ಉಳಿಯುತ್ತದೆ.

ತಪ್ಪು ಕಲ್ಪನೆ: ಮೂರೂ ಪದರ ಮೊದಲೇ ಕೂಡಿಸಿಕೊಂಡು ಬರಬೇಕು

ಮನೆಯ ಯಂತ್ರದಲ್ಲಿ ಹೊಲಿಯುವವರು ಮೂರು ಪದರಕ್ಕೂ ಟಾಕಾ ಹಾಕಿಯೋ ಸೇಫ್ಟಿ ಪಿನ್ನು ಚುಚ್ಚಿಯೋ ಕೂಡಿಸುತ್ತಾರೆ. ಲಾಂಗ್‌ಆರ್ಮ್‌ಗೆ ಅದು ಬೇಡ, ಅಡ್ಡಿಯೂ ಹೌದು. ಪದರಗಳನ್ನು ಬೇರೆ ಬೇರೆಯಾಗಿ ಏರಿಸುವುದೇ ಈ ಚೌಕಟ್ಟಿನ ಗುಣ. ಮೊದಲು ಅಡಿಬಟ್ಟೆಯನ್ನು ಎರಡೂ ಲೀಡರಿಗೆ ಪಿನ್ನು ಹಾಕಿ ಸುತ್ತಿ. ಅದರ ಮೇಲೆ ಬ್ಯಾಟಿಂಗ್, ಅಂದರೆ ನಡುವಿನ ಹತ್ತಿಪದರ ಹಾಸಿ. ಅಡ್ಡ ಲಾಕು ಹಾಕಿ ಅದರ ಮೇಲಂಚಿಗೆ ಒಂದು ನೇರ ಸಾಲು ಹೊಲಿಯಿರಿ. ಈಗ ಮೇಲ್ಪದರದ ಅಂಚನ್ನು ಆ ಸಾಲಿಗೆ ಕೂಡಿಸಿ ಇಟ್ಟು ಟಾಕಾ ಹಾಕಿದರೆ, ಕ್ವಿಲ್ಟು ನೆಟ್ಟಗೆ ಶುರುವಾಯಿತು.

ಮೇಲ್ಪದರವನ್ನೂ ರೋಲರಿಗೆ ಕಟ್ಟಲೇಬೇಕು ಎನ್ನುವವರಿದ್ದಾರೆ. ಕಟ್ಟಬಹುದು, ಕಟ್ಟದೆ ಸುಮ್ಮನೆ ಮುಂದೆ ಇಳಿಬಿಡಲೂಬಹುದು. ನಾನು ಇಳಿಬಿಡುತ್ತೇನೆ. ಪ್ರತಿ ಸಲ ಸುತ್ತಿದಾಗ ಅಂಗೈಯಿಂದ ಸವರಿ, ಬದಿಗಳಿಗೆ ಟಾಕಾ ಹಾಕಿ ಮುಂದೆ ಹೋಗುತ್ತೇನೆ. ಹಾಸುವ ಕೈಗೆ ಇದೇ ಸಲೀಸು.

ಇದರ ಬೆನ್ನಿಗೇ ಬರುವ ನಂಬಿಕೆ, ಸೊಟ್ಟಗಿರುವ ಮೇಲ್ಪದರ ಹೊಲಿಗೆಯಲ್ಲಿ ಸರಿಹೋಗುತ್ತದೆ ಎನ್ನುವುದು. ಹೋಗುವುದಿಲ್ಲ. ಸುತ್ತಲಿನ ಪಟ್ಟಿ ನಡುಭಾಗಕ್ಕಿಂತ ಉದ್ದವಾಗಿದ್ದರೆ ಆ ಹೆಚ್ಚುವರಿ ಬಟ್ಟೆ ಎಲ್ಲಾದರೂ ನೆರಿಗೆಯಾಗಿ ಬೀಳಲೇಬೇಕು. ಪಟ್ಟಿಯ ಅಳತೆಯನ್ನು ಕ್ವಿಲ್ಟಿನ ನಡುವಿನಲ್ಲಿ ತೆಗೆದು ಕತ್ತರಿಸಿ, ಅಂಚಿನಲ್ಲಿ ಅಲ್ಲ.

ತಪ್ಪು ಕಲ್ಪನೆ: ಹೊಲಿಗೆ ಹಾರಿದರೆ ಯಂತ್ರದ ಕಾಲ ಮುಗಿಯಿತು

ಮೆಕ್ಯಾನಿಕ್‌ಗೆ ಫೋನು ಮಾಡುವ ಮುಂಚೆ ಸೂಜಿ ನೋಡಿ. ಮನೆಯ ಯಂತ್ರದ ಸೂಜಿಗೆ ಒಂದು ಬದಿ ಚಪ್ಪಟೆ ಇರುತ್ತದೆ, ತಪ್ಪಾಗಿ ಕೂರುವುದು ಕಡಿಮೆ. ಲಾಂಗ್‌ಆರ್ಮ್‌ಗಳಲ್ಲಿ ಬಳಸುವ ಬಹಳಷ್ಟು ಸೂಜಿಗಳ ತಲೆ ಪೂರ್ತಿ ದುಂಡಗೆ. ತಿರುಗಿ ಕೂತರೆ ಕೊಕ್ಕೆಗೆ ಕುಣಿಕೆ ಸಿಗದೆ ಹೋಗಬಹುದು. ಸೂಜಿಯ ಕಣ್ಣಿಗೆ ಒಂದು ಗುಂಡುಪಿನ್ನು ತೂರಿಸಿ. ಪಿನ್ನು ಸೀದಾ ನಿಮ್ಮ ಕಡೆಗೆ ನೋಡುತ್ತಿದ್ದರೆ ಸೂಜಿ ಸರಿ, ಎಡಕ್ಕೋ ಬಲಕ್ಕೋ ವಾಲಿದ್ದರೆ ಸ್ಕ್ರೂ ಸಡಿಲಿಸಿ ತಿರುಗಿಸಿ. ಉದ್ದನೆಯ ತೋಡು ಮುಂದಕ್ಕೂ, ಕಣ್ಣಿನ ಮೇಲಿನ ಗುಳಿ ಹಿಂದಕ್ಕೂ ಇರಬೇಕು. ಆಮೇಲೆ ದಾರ ಹೋಗುವ ದಾರಿ, ಬಾಬಿನ್ ಗೂಡಿನಲ್ಲಿ ಸೇರಿದ ನೂಲಿನ ಧೂಳು, ಕೊಕ್ಕೆಗೆ ಒಂದು ಹನಿ ಎಣ್ಣೆ, ಹಳಿ ಮತ್ತು ಗಾಲಿಗೆ ಸಿಕ್ಕಿಕೊಂಡ ದಾರದ ಚೂರು. ಇಷ್ಟಾದರೂ ಹೊಲಿಗೆ ಹಾರಿದರೆ, ಮತ್ತೆ ಬೆರಳಿನ ಪರೀಕ್ಷೆ ಮಾಡಿ. ಸೂಜಿ ಮತ್ತು ಕೊಕ್ಕೆಯ ಹೊಂದಾಣಿಕೆ ತಪ್ಪಿದೆ ಎಂಬ ಅನುಮಾನ ಕಟ್ಟಕಡೆಗೆ ಬರಲಿ.

ತಪ್ಪು ಕಲ್ಪನೆ: ಯಂತ್ರದ ಹೊಲಿಗೆ ಕ್ವಿಲ್ಟೇ ಅಲ್ಲ

ಅಮೆರಿಕದಲ್ಲೂ ಹೀಗೆ ಹೇಳುವವರಿದ್ದರು. 1989ರಲ್ಲಿ ಕೆಂಟಕಿಯ ಪಡೂಕಾ ಊರಿನ ದೊಡ್ಡ ಕ್ವಿಲ್ಟ್ ಪ್ರದರ್ಶನದಲ್ಲಿ ಕ್ಯಾರಿಲ್ ಬ್ರೈಯರ್ ಫಾಲರ್ಟ್ ಅವರ, ಯಂತ್ರದಲ್ಲಿ ಹೊಲಿದ ಕ್ವಿಲ್ಟಿಗೆ ಅತ್ಯುನ್ನತ ಬಹುಮಾನ ಬಂದಾಗ ದೊಡ್ಡ ಚರ್ಚೆಯೇ ನಡೆಯಿತು. ಇಂದು ಆ ವಾದ ಹೆಚ್ಚಾಗಿ ತಣ್ಣಗಾಗಿದೆ. ನನ್ನ ಅಭಿಪ್ರಾಯದಲ್ಲಿ ಎರಡರ ಜಾಗವೂ ಬೇರೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಹೆಂಗಸರು ಕೌದಿಯನ್ನು ಮೂಲೆಯಿಂದ ಶುರುಮಾಡಿ, ಅಂಚಿನ ಸುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ತೇಪೆ ಇಡುವುದೂ ಪದರ ಕೂಡಿಸುವುದೂ ಅಲ್ಲಿ ಒಂದೇ ಕೆಲಸ. ಆ ಹೊಲಿಗೆಯನ್ನು ಯಾವ ಚೌಕಟ್ಟೂ ಮಾಡಲಾರದು. ಆದರೆ ಮೇಲ್ಪದರ ಸಿದ್ಧವಾಗಿ ವರ್ಷಗಟ್ಟಲೆ ಪೆಟ್ಟಿಗೆಯಲ್ಲಿ ಕೂತಿರುವ ಕ್ವಿಲ್ಟನ್ನು ಹಾಸಿಗೆಯ ಮೇಲೆ ತರುವ ಕೆಲಸವನ್ನು ಯಂತ್ರ ಮಾಡುತ್ತದೆ. ಅದಕ್ಕೆ ಕಂಪ್ಯೂಟರು ಬೇಕೆಂದೂ ಇಲ್ಲ. ಕೈಯಿಂದ ನಡೆಸುವ ಹಳೆಯ ಯಂತ್ರಗಳೇ ಎಷ್ಟೋ ಮನೆಗಳಲ್ಲಿ ಇಂದಿಗೂ ದುಡಿಯುತ್ತಿವೆ.

ನೀವೂ ಅಂಥದೊಂದು ಯಂತ್ರ ಕೊಂಡಿದ್ದರೆ, ಮೊದಲ ವಾರ ಒಳ್ಳೆಯ ಕ್ವಿಲ್ಟು ಏರಿಸಬೇಡಿ. ಪೆಟ್ಟಿಗೆಯಲ್ಲಿರುವ ಎರಡು ಹಳೆಯ ಹತ್ತಿ ಸೀರೆ ತೆಗೆಯಿರಿ. ಒಂದನ್ನು ಅಡಿಬಟ್ಟೆಯಾಗಿ ಲೀಡರಿಗೆ ಚುಚ್ಚಿ, ನಡುವೆ ಅಗ್ಗದ ಬ್ಯಾಟಿಂಗ್ ಹಾಸಿ, ಇನ್ನೊಂದನ್ನು ಮೇಲೆ ಇಳಿಬಿಡಿ. ಐದೂವರೆ ಮೀಟರ್ ಉದ್ದದ ಸೀರೆ, ಹತ್ತು ಹದಿನೈದು ಸಲ ಸುತ್ತಿ ಸವರಿ ಕಲಿಯಲು ಸಾಕಾಗುತ್ತದೆ. ಪ್ರತಿ ಸುತ್ತಿಗೂ ಅಡಿಗೆ ಕೈ ಹಾಕಿ ಬೆರಳು ಒತ್ತಿ ನೋಡಿ. ಸೀರೆ ಮುಗಿಯುವ ಹೊತ್ತಿಗೆ ಹದ ಕೈಗೆ ಬಂದಿರುತ್ತದೆ, ನಡುವೆ ಕತ್ತರಿಸಿಕೊಂಡರೆ ಮನೆಗೆ ಎರಡು ಕೌದಿಯೂ ಆಗಿರುತ್ತವೆ.